ಮೈಕಿನೊಳಗಿನ ಅಕ್ಕ

ನನ್ನ ಭಾವ ಮನೆಯಲ್ಲಿ ಹೆಚ್ಚು ಮಾತಾಡುವವರಲ್ಲ. ಮೂಗರೇನಲ್ಲ ಮತ್ತೆ, ಇರುವ ಮಾತೆಲ್ಲ ದೋಣಿಯಲ್ಲೇ ಖರ್ಚಾಗಿ, ಮನೆಗೆ ಬರುವಷ್ಟರಲ್ಲಿ ಬಾಯಿ ಬರಿದಾಗಿರುತ್ತದೆ, ಅಷ್ಟೆ. ಬೆಳಿಗ್ಗೆ ಬಂದರಿನಿಂದ ಹೊರಟು ಮೂರು ದ್ವೀಪ ಸುತ್ತಿಸಿ ಸಂಜೆಗೆ ವಾಪಸು ತಂದಿಳಿಸುವ ಪ್ರವಾಸಿ ದೋಣಿಯಲ್ಲಿ ಅವರದು ಮೈಕು ಹಿಡಿಯುವ ಕೆಲಸ. ಬಂದರಿನವರೆಲ್ಲ ಅವರನ್ನು ಮೈಕಪ್ಪ ಎನ್ನುತ್ತಾರೆ. ಆಳು ಗಿಡ್ಡ, ದನಿ ಮಾತ್ರ ಆಜಾನುಬಾಹು.

ಮೊದಲು ಅವರು ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದರು. ಆ ರಸ್ತೆಯಲ್ಲಿ ಹೋಗುತ್ತಿದ್ದ ದೋಣಿ ಮಾಲೀಕರು ಇವರ ಕೂಗು ಕೇಳಿ, ಬೇಡದ ಎರಡು ಲುಂಗಿ ಕೊಂಡು, ಜೊತೆಗೆ ಇವರನ್ನೂ ಕರೆದುಕೊಂಡು ಹೋದರು. ಅಂದಿನಿಂದ ಭಾವ ಸಮುದ್ರದ ಮನುಷ್ಯ. ಸಂಜೆ ಉಪ್ಪುಗಟ್ಟಿದ ಅಂಗಿಯಲ್ಲಿ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದರೆ, ನಾವು ಅಕ್ಕತಂಗಿಯರು ಕಾಲ್ತುದಿಯಲ್ಲಿ ಓಡಾಡುತ್ತಿದ್ದೆವು. ಪಾಪ, ಅಲೆಗಳ ಜೊತೆ ಗುದ್ದಾಡಿ ಬಂದಿದ್ದಾರೆ ಎಂದು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಜೊತೆಗೆ ಮೈಯೂ ಉರಿಯುತ್ತದೆ.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಕಡ್ಡಿಯಂಥ ದೇಹ. ಆದರೆ ಒದ್ದೆ ಚಾದರಗಳನ್ನು ಹಿಂಡಿ ಹಿಂಡಿ ತೋಳುಗಳು ಹಗ್ಗದ ಹಾಗೆ ಗಟ್ಟಿಯಾಗಿವೆ. ನಾವು ಹುಟ್ಟಿದ್ದು ದೊಡ್ಡ ಕೆರೆಯ ದಡದಲ್ಲಿ. ಅಪ್ಪ ನಮ್ಮ ಬೆನ್ನಿಗೆ ಖಾಲಿ ಡಬ್ಬ ಕಟ್ಟಿ ನೀರಿಗೆ ತಳ್ಳಿ ಈಜು ಕಲಿಸಿದವರು. ನಾನು ಅರ್ಧ ಕಲಿತು ಅತ್ತು ದಡ ಸೇರಿದೆ. ಅಕ್ಕ ಮಾತ್ರ ಡಬ್ಬ ಬಿಚ್ಚಿ ಎಸೆದು ಕೆರೆಯ ಆಚೆ ದಡ ಮುಟ್ಟಿ, ಅಲ್ಲಿ ಕೂತು ನಮ್ಮನ್ನು ಅಣಕಿಸುತ್ತಿದ್ದಳು. ಮದುವೆಯಾಗಿ ಸಮುದ್ರದ ಊರಿಗೆ ಬರುವುದು ಗೊತ್ತಾದಾಗ ಅವಳು ಕುಣಿದಾಡಿದ್ದು ಗಂಡಿಗಾಗಿಯೋ ಸಮುದ್ರಕ್ಕಾಗಿಯೋ, ನನಗಂತೂ ಇವತ್ತಿಗೂ ಅನುಮಾನ.

ಆದರೆ ಬಂದ ಮೇಲೆ ಆದದ್ದೇನು? ಊರ ಮುಂದಿನ ಕಡಲೆಲ್ಲ ಹಡಗು, ಎಣ್ಣೆ, ಕೆಸರು. ಈಜಬೇಕೆಂದರೆ ಆ ಮೂರನೆಯ ದ್ವೀಪಕ್ಕೇ ಹೋಗಬೇಕು. ಅಲ್ಲಿ ನೀರು ಗಾಜಿನಂತೆ, ಕಾಲಡಿಯ ಮರಳಿನ ಕಣ ಕೂಡ ಕಾಣುತ್ತದೆ ಎಂದು ಭಾವನೇ ಹೇಳಿದ್ದು. "ನನ್ನನ್ನೂ ಒಂದು ಸಲ ಕರ್ಕೊಂಡು ಹೋಗ್ರೀ" ಎಂದು ಅಕ್ಕ ವರ್ಷ ವರ್ಷ ಕೇಳುವಳು. ಭಾವ ವರ್ಷ ವರ್ಷ ಹೊಸ ನೆಪ ಹೇಳುವರು. ಒಮ್ಮೆ ಎಂಜಿನ್ ಸರಿಯಿಲ್ಲ. ಒಮ್ಮೆ ಸೀಟು ತುಂಬಿದೆ. ಒಮ್ಮೆ ಮೈ ತುರಿಸುವ ಮೀನು ಬಂದಿದೆಯಂತೆ. "ಮೊಣಕಾಲು ಕೈಕೊಡೋಕೆ ಮುಂಚೆ ಒಂದೇ ಒಂದು ಸಲ ಸಮುದ್ರದಲ್ಲಿ ಈಜಬೇಕು ಕಣೇ" ಎಂದು ಅವಳು ನನ್ನ ಹತ್ತಿರ ಹೇಳಿಕೊಂಡಾಗ ಅವಳ ಮೊಣಕಾಲು ಆಗಲೇ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಇರಲಿ, ಬೇರೆ ಎಲ್ಲಿ ಇಟ್ಟುಕೊಳ್ಳಲಿ? ಅಕ್ಕನ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಈ ವರ್ಷ ದೋಣಿ ಮಾಲೀಕರು ಸೀಟಿನ ದಿಂಬುಗಳಿಗೆಲ್ಲ ಹೊಸ ಕವರು ಹೊಲಿಸಿದರು. ಕೆಲಸ ನೋಡಿ ಖುಷಿಯಾಗಿ, "ಎರಡು ಸೀಟು ನಿಮಗೆ, ಯಾವಾಗ ಬೇಕಾದ್ರೂ ಹೋಗಿ ಬನ್ನಿ" ಅಂದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಉಳಿದ ನೀಲಿ ಬಟ್ಟೆಯಲ್ಲಿ ಅಕ್ಕನಿಗೆ ಉದ್ದ ತೋಳಿನ ಈಜುಡುಗೆ ಹೊಲಿದೆ. ಒಂದು ಭಾನುವಾರ ಭಾವ ಹೊರಟ ಹಿಂದೆಯೇ, ಎರಡು ಬಸ್ಸು ಬದಲಾಯಿಸಿ, ಅಕ್ಕನನ್ನು ಬಂದರಿಗೆ ಎಳೆದುಕೊಂಡು ಹೋದೆ.

ದೋಣಿಗೆ ಹತ್ತುವ ಹಲಗೆಯ ಪಕ್ಕ ಭಾವ ನಿಂತಿದ್ದರು. ಕತ್ತಿನಲ್ಲಿ ಮೈಕು, ಮೈಮೇಲೆ ಬಿಗಿದು ಕಟ್ಟಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು. "ಬನ್ನಿ ಬನ್ನಿ, ಸ್ವರ್ಗಕ್ಕೆ ಹೋಗೋ ದೋಣಿ, ಸಂಜೆ ವಾಪಸ್ ಬರೋ ಸೌಲಭ್ಯ ಕೂಡ ಇದೆ!" ಎಂದು ಜನರನ್ನು ನಗಿಸುತ್ತಿದ್ದವರು ನಮ್ಮನ್ನು ಕಂಡದ್ದೇ ತಡ, ಅಲ್ಲೇ ಕಲ್ಲಾದರು. ನಾನು ಹಲ್ಲು ಕಿರಿದೆ. ಅಕ್ಕ ನಾಚಿಕೊಂಡಳು. ಭಾವ ಮೈಕನ್ನು ಕೈಯಲ್ಲಿ ಮುಚ್ಚಿ, ಬಗ್ಗಿ ಪಿಸುಗುಟ್ಟಿದರು.

"ನೋಡ್ರೀ, ಇದು ಕೆಲಸದ ಜಾಗ. ಇವತ್ತೊಂದು ದಿನ ನಾನು ನಿಮಗೆ ಪರಿಚಯ ಇಲ್ಲ ಅಂದ್ಕೊಳ್ಳಿ. ಯಾರಿಗೂ ಹೇಳ್ಬೇಡಿ. ದಮ್ಮಯ್ಯ."

ಇದೇನು ರೀತಿ? ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೈ ಚಿವುಟಿದಳು. "ಆಯ್ತು ಬಿಡೇ, ಕೆಲಸ ಅಂದ್ಮೇಲೆ ಅವರಿಗೂ ಒಂದು ಮರ್ಯಾದೆ ಇರುತ್ತಲ್ಲ" ಎಂದಳು. ಆದರೂ ಭಾವನ ಕೈ ಸುಮ್ಮನಿರಲಿಲ್ಲ. ಅಕ್ಕನ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದು, ಎಳೆದು ನೋಡಿ, ಕತ್ತಿನ ಹತ್ತಿರ ಉಜ್ಜದಂತೆ ಮಡಿಸಿ ಕೊಟ್ಟರು. ಬೇರೆ ಯಾವ ಪ್ರಯಾಣಿಕರಿಗೂ ಅಷ್ಟು ಆರೈಕೆ ನಡೆಯಲಿಲ್ಲ. ಹಿಂದಿನ ಅಡುಗೆ ಮೂಲೆಯಿಂದ ಒಬ್ಬ ವಯಸ್ಸಾದ ಹೆಂಗಸು ಸೌಟು ಹಿಡಿದುಕೊಂಡೇ ಇದನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದರು. ದೋಣಿಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಅಡುಗೆಯಮ್ಮ ಅವರು.

ಮೊದಲ ದ್ವೀಪ ಬರೀ ಬಂಡೆ, ಮೇಲೆ ಬಿಳಿ ಹಕ್ಕಿಗಳು. ದೋಣಿ ಅದನ್ನು ಒಂದು ಸುತ್ತು ಹಾಕುತ್ತದೆ. ಭಾವ ಹಕ್ಕಿಗಳ ಬಗ್ಗೆ ಹೇಳಿದರು, ಬಂಡೆಯ ಬಗ್ಗೆ ಹೇಳಿದರು, ಗಾಳಿಯ ಬಗ್ಗೆ ಹೇಳಿದರು. ಒಬ್ಬರೂ ನಗಲಿಲ್ಲ. ಒಂದು ಮಗು ಆಕಳಿಸಿತು. ಕೊನೆಗೆ ಚುಕ್ಕಾಣಿ ಹಿಡಿದಿದ್ದ ಚಾಲಕನಿಗೇ ತಡೆಯಲಾಗಲಿಲ್ಲ.

"ಏನ್ ಮೈಕಪ್ಪ, ಇವತ್ತು ಪಾಠ ಮಾಡ್ತಿದ್ದೀಯಾ? ಹೆಂಡತಿ ಕಥೆ ಹೇಳೋ ಮಾರಾಯ!"

ಹಿಂದೊಮ್ಮೆ ಬಂದಿದ್ದ ಒಂದಿಬ್ಬರು ಪ್ರಯಾಣಿಕರೂ "ಹೌದು ಹೌದು, ಹೆಂಡತಿ ಕಥೆ!" ಎಂದು ಚಪ್ಪಾಳೆ ಹೊಡೆದರು. ಭಾವ ನಮ್ಮ ಕಡೆ ಒಮ್ಮೆ ನೋಡಿ, ಎಂಜಲು ನುಂಗಿ ಶುರು ಮಾಡಿದರು.

ಏನು ಹೇಳಲಿ! ಮೈಕಿನೊಳಗೆ ಒಬ್ಬ ಅಕ್ಕ ಇದ್ದಳು. ನಮ್ಮ ಅಕ್ಕನಿಗೂ ಅವಳಿಗೂ ಸಂಬಂಧವೇ ಇಲ್ಲ. ಆ ಹೆಂಡತಿ ಎಷ್ಟು ದಪ್ಪವೆಂದರೆ ಅವಳು ತೂಗುವ ಯಂತ್ರದ ಮೇಲೆ ನಿಂತರೆ "ದಯವಿಟ್ಟು ಒಬ್ಬೊಬ್ಬರಾಗಿ ಹತ್ತಿ" ಎಂದು ಚೀಟಿ ಬರುತ್ತದಂತೆ. ಅವಳ ಗೊರಕೆಗೆ ಪಕ್ಕದ ಮನೆಯವರು ಎದ್ದು ಮೋಟರು ಆಫ್ ಮಾಡಲು ಓಡುತ್ತಾರಂತೆ. ಅವಳಿಗೆ ನೀರು ಕಂಡರೆ ಎಷ್ಟು ಭಯವೆಂದರೆ ಸ್ನಾನಕ್ಕೆ ಹೋದಾಗ ಬಕೆಟ್ಟನ್ನು ಒಂದು ಮೂಲೆಯಲ್ಲಿಟ್ಟು, ತಾನು ಇನ್ನೊಂದು ಮೂಲೆಯಲ್ಲಿ ನಿಂತು, "ಒಳ್ಳೇ ಮಾತಲ್ಲಿ ನೀನೇ ಬಾ" ಎಂದು ಕರೆಯುತ್ತಾಳಂತೆ. ದೋಣಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು. ತಿರುಗಿ ನೋಡಿದರೆ, ಅಕ್ಕ ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ!

"ನಗ್ತೀಯಲ್ಲೇ? ನಿನ್ನ ಮಾನ ಹರಾಜು ಹಾಕ್ತಿದ್ದಾರೆ!"

"ನಾನೆಲ್ಲಿದ್ದೀನೇ ಅದರಲ್ಲಿ? ಮನೇಲಿ ಇದರಲ್ಲಿ ಕಾಲು ಭಾಗ ಮಾತಾಡಿದ್ರೂ ಎಷ್ಟು ಚೆನ್ನಾಗಿರ್ತಿತ್ತು" ಎಂದು ಕಣ್ಣೊರೆಸಿಕೊಂಡಳು. ಎಂಥ ಹೆಂಗಸಪ್ಪ ಇವಳು! ಅಡುಗೆಯಮ್ಮನ ಸೌಟು ಪಾತ್ರೆಯ ಅಂಚಿಗೆ ಟಣ್ ಎಂದು ಬಡಿಯಿತು.

ಎರಡನೆಯ ದ್ವೀಪದ ಮರಗಳ ನೆರಳಿನಲ್ಲಿ ಊಟ. ಎಲ್ಲರ ತಟ್ಟೆಗೂ ಅಡುಗೆಯಮ್ಮ ನಗುನಗುತ್ತ ಅನ್ನ, ಮೀನು ಬಡಿಸುತ್ತ ಬಂದರು. ಅಕ್ಕನ ಸರದಿ ಬಂದಾಗ ಮೀನಿನ ಬಾಲದ ತುಂಡೊಂದನ್ನು ಎತ್ತರದಿಂದ ಹಾಕಿದರು. ಅಕ್ಕ "ಸಾಕಮ್ಮ" ಅಂದಳು. ಅಷ್ಟೇ ಸಾಕಾಯಿತು ಅವರಿಗೆ.

"ಸಾಕಾ? ನಿಮಗೆ ಸಾಕಾಗೋದಾದ್ರೂ ಯಾವಾಗ? ಅವನಿಗೆ ಮನೇಲಿ ಹೆಂಡತಿ ಇದ್ದಾಳೆ, ಗೊತ್ತಲ್ವಾ? ಆ ಮಹಾತಾಯಿಯನ್ನ ಆಡ್ಕೊಂಡ್ರೆ ಹಲ್ಲು ಬಿಟ್ಟು ನಗ್ತೀರಲ್ಲ, ನಾಚಿಕೆ ಆಗಲ್ವಾ? ದಪ್ಪ ಇದ್ರೇನು, ಗೊರಕೆ ಹೊಡೆದ್ರೇನು? ಹೆಂಡತಿ ಹೆಂಡತೀನೇ!"

ನನ್ನ ತುತ್ತು ಕೈಯಲ್ಲೇ ನಿಂತಿತು. ಅಡುಗೆಯಮ್ಮ ನಿಲ್ಲಿಸಲಿಲ್ಲ.

"ಪಾಪ, ನೀರು ಕಂಡ್ರೆ ಆಗಲ್ಲ ಅವಳಿಗೆ. ಬಸ್ಸಲ್ಲಿ ಕೂತ್ರೂ ವಾಂತಿಯಂತೆ. ನಾನು ವಾರವಾರ ನನ್ನ ಕೈಯಾರೆ ಶುಂಠಿ ಪೆಪ್ಪರಮೆಂಟು ಮಾಡಿ ಕಳಿಸ್ತೀನಿ. 'ಅವಳಿಗೆ ಅದನ್ನ ತಿಂದ್ರೇನೇ ಜೀವ ಬಂದ ಹಾಗೆ ಆಗುತ್ತಮ್ಮ' ಅಂತ ಇವನೇ ಬಂದು ಹೇಳ್ತಾನೆ. ಅಂಥ ಹೆಂಡತಿಯನ್ನ ಮನೇಲಿ ಕೂರಿಸಿ, ಇಲ್ಲಿ ನಿಮಗೆ ಪಟ್ಟಿ ಬಿಗೀತಾನೆ! ನನ್ನ ಕಣ್ಣೇನು ಕುರುಡಾ?"

ಅಷ್ಟು ಹೇಳಿ ದಡದಡ ಹೊರಟುಹೋದರು. ಅಕ್ಕ ತಟ್ಟೆಯನ್ನೇ ನೋಡುತ್ತ ಕುಳಿತಳು. ನಮ್ಮ ಮನೆಗೆ ಒಂದು ದಿನಕ್ಕೂ ಶುಂಠಿ ಪೆಪ್ಪರಮೆಂಟು ಬಂದಿರಲಿಲ್ಲ.

ನನ್ನ ತಲೆ ಎಲ್ಲಿಗೆ ಓಡಿತೆಂದು ಬೇರೆ ಹೇಳಬೇಕೆ? ವಾರವಾರ ಪೆಪ್ಪರಮೆಂಟು ತಿನ್ನುವ ದಪ್ಪಗಿನ ಹೆಂಗಸೊಬ್ಬಳು ಈ ಊರಿನಲ್ಲಿ ನಿಜವಾಗಿಯೂ ಇದ್ದಾಳೆ! ಅದಕ್ಕೇ ನಮ್ಮ ಗುರುತಿಲ್ಲ ಎಂದದ್ದು. ಅದಕ್ಕೇ ಇಷ್ಟು ವರ್ಷ ನೆಪ ಹೇಳಿದ್ದು. "ಅಕ್ಕಾ, ನಡಿ, ಎಲ್ಲರ ಮುಂದೇನೇ ಕೇಳ್ತೀನಿ. ಆ ಮೈಕಿನ ವೈರಿನಲ್ಲೇ ಕಟ್ಟಿ ಹಾಕ್ತೀನಿ" ಎಂದು ಎದ್ದೆ.

"ಕೂತ್ಕೋ" ಎಂದಳು ಅಕ್ಕ. ಬೆಳಿಗ್ಗೆಯಿಂದ ಅರಳಿದ್ದ ಮುಖ ಬಾಡಿತ್ತು. "ದಪ್ಪ ಅಂದ್ರು, ನಕ್ಕೆ. ಗೊರಕೆ ಅಂದ್ರು, ನಕ್ಕೆ. ನೀರು ಕಂಡ್ರೆ ಭಯ ಅಂದಾಗ್ಲೂ ತಮಾಷೆ ಅಂದ್ಕೊಂಡೆ. ಆದ್ರೆ ಈ ಜನಕ್ಕೆಲ್ಲ ನಿಜವಾಗ್ಲೂ ಹಾಗೇ ನಂಬಿಸಿದ್ದಾರೆ. ನಾನು ಕೇಳಿ ಕೇಳಿ ಸೋತೆ, ಇಲ್ಲಿ ನೋಡಿದ್ರೆ ನಾನೇ ಬರಲ್ಲ ಅಂದ ಹಾಗಾಯ್ತಲ್ಲ." ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. ನನಗೆ ಅಳು ಬಂತು.

ಮೂರನೆಯ ದ್ವೀಪಕ್ಕೆ ಹೋಗುವಾಗ ಅಕ್ಕ ನಗಲೂ ಇಲ್ಲ, ಅಳಲೂ ಇಲ್ಲ. ಭಾವನನ್ನೇ ನೋಡುತ್ತಿದ್ದಳು. ಅವರು ಮಾತಿನ ಮಧ್ಯೆ ಕಂಬ ಹಿಡಿದುಕೊಳ್ಳುವುದು, ಅಲೆ ಎತ್ತಿ ಹಾಕಿದಾಗ ಜನರಿಗೆ ಬೆನ್ನು ಮಾಡಿ ಜೇಬಿನಿಂದ ಏನನ್ನೋ ತೆಗೆದು ಬಾಯಿಗೆ ಹಾಕಿಕೊಳ್ಳುವುದು, ಎಲ್ಲವನ್ನೂ ನೋಡುತ್ತಿದ್ದಳು.

ದೋಣಿ ನಿಂತಿತು. ಭಾವ ಹೇಳಿದ್ದು ಸುಳ್ಳಲ್ಲ. ನೀರು ಗಾಜಿನ ಹಾಗೆಯೇ ಇತ್ತು. ಜನ ಒಬ್ಬೊಬ್ಬರಾಗಿ ಏಣಿ ಇಳಿದು ಕೇಕೆ ಹಾಕುತ್ತ ದಡದ ಕಡೆ ಹೋದರು. ಭಾವ ಮೈಕು ಆಫ್ ಮಾಡಿ ನೀರಿನ ಕ್ಯಾನುಗಳ ಹಿಂದೆ ಸರಿದರು. ನೀಲಿ ಈಜುಡುಗೆ ತೊಟ್ಟೇ ಬಂದಿದ್ದ ಅಕ್ಕ ಅಲ್ಲಿಗೇ ಹೋಗಿ ನಿಂತಳು. ಹಿಂದೆ ನಾನು.

"ಶುಂಠಿ ಪೆಪ್ಪರಮೆಂಟು ಯಾರಿಗೆ ಕೊಡ್ತೀರಿ?" ಎಂದಳು.

ಭಾವ ನನ್ನನ್ನು ನೋಡಿದರು, ಆಕಾಶ ನೋಡಿದರು. ಕೊನೆಗೆ ಜೇಬಿಗೆ ಕೈ ಹಾಕಿ ಪೆಪ್ಪರಮೆಂಟು ಸುತ್ತಿದ್ದ ಒಂದು ಹಿಡಿ ಕಾಗದ ತೆಗೆದು ತೋರಿಸಿದರು.

"ನಾನೇ ತಿಂತೀನಿ ಕಣೇ."

"ಏನು?"

"ಹೊಟ್ಟೆ ತೊಳಸುತ್ತೆ. ಮೊದಲನೇ ದಿನದಿಂದ. ದಿನಾ." ಮೈಕಿಲ್ಲದ ಭಾವನ ದನಿ ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ. "ನಾನು ಹುಟ್ಟಿದ ಊರಲ್ಲಿ ನೀರು ಅಂದ್ರೆ ನಲ್ಲಿ ನೀರು. ಈಜು ಬರುತ್ತಾ ಅಂತ ಮಾಲೀಕರು ಕೇಳಿದ್ರು. ಹೂಂ ಅಂದ್ಬಿಟ್ಟೆ. ಬರಲ್ಲ. ಸಮುದ್ರ ಕಂಡ್ರೆ ಕೈಕಾಲು ನಡುಗುತ್ತೆ. ಮೈಕಲ್ಲಿ ನನಗೆ ಭಯ ಅಂತ ಹೇಳಿದ್ರೆ ಯಾರು ದೋಣಿ ಹತ್ತುತ್ತಾರೆ? ಅದಕ್ಕೆ ನಿನ್ನ ಮೇಲೆ ಹಾಕಿ ಹೇಳ್ದೆ. ಜನ ನಕ್ಕರು. ಹಾಗೇ ನಡೀತು."

"ನನ್ನನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?"

"ನೀನು ಕೆರೆ ದಾಟಿದವಳು. ಇಲ್ಲಿ ನೀರಿಗಿಳಿದು 'ಬನ್ನಿ' ಅಂತ ಕೈ ಚಾಚಿದ್ರೆ ನಾನೇನು ಮಾಡ್ಲಿ? ಮನೇಲಿ ನೀನು ನನ್ನನ್ನ ಏನೋ ದೊಡ್ಡ ನಾವಿಕ ಅಂದ್ಕೊಂಡಿದ್ದೀಯ..."

ನನಗೆ ಬಂದ ನಗುವನ್ನು ತಡೆಯಲು ದಿಂಬೊಂದನ್ನು ಬಾಯಿಗೆ ಒತ್ತಿಕೊಂಡೆ. ನಾನೇ ಹೊಲಿದ ಕವರು. ಅಕ್ಕ ನಗಲಿಲ್ಲ. "ಇಷ್ಟಕ್ಕಾ? ಇಷ್ಟಕ್ಕೇ ನನ್ನನ್ನ ಇಷ್ಟು ವರ್ಷ ಮನೇಲಿ ಕೂರಿಸಿದ್ರಾ? ಒಂದು ಮಾತು ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?" ಎಂದಳು. ಅವಳ ಕಣ್ಣಲ್ಲಿ ಬೆಂಕಿ, ನೀರು ಎರಡೂ ಇದ್ದವು. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಪಟಪಟ ಬಿಚ್ಚಿ ಅವರ ಕಾಲ ಬುಡಕ್ಕೆ ಎಸೆದಳು. ದೋಣಿಯ ಹಿಂಭಾಗಕ್ಕೆ ನಡೆದು, ಒಮ್ಮೆ ಉಸಿರೆಳೆದು, ಧುಮುಕಿಯೇ ಬಿಟ್ಟಳು.

ಅಬ್ಬಾ, ಆ ಈಜು! ಒದ್ದೆ ಚಾದರ ಹಿಂಡುವ ಆ ತೋಳುಗಳು ನೀರನ್ನು ಸೀಳಿಕೊಂಡು ಹೋದವು. ಕಟಕಟ ಎನ್ನುವ ಮೊಣಕಾಲು ಎಲ್ಲಿ ಹೋಯಿತೋ! ನನ್ನ ಅಕ್ಕ ಮತ್ತೆ ಕೆರೆಯ ಹುಡುಗಿಯಾಗಿದ್ದಳು. ಈಜುವ ಗಡಿ ತೋರಿಸಲು ಬಿಟ್ಟಿದ್ದ ದೂರದ ಬಿಳಿ ತೇಲುಬುಂಡೆಗಳ ತನಕ ಹೋಗಿ, ತಿರುಗಿ, ನೀರೊಳಗೆ ಮುಳುಗಿದಳು. ಮುಳುಗಿದವಳು ಮೇಲೆ ಬರಲಿಲ್ಲ.

ಅದು ಅವಳ ಹಳೆಯ ಆಟ. ನೀರಡಿಯಲ್ಲೇ ಬಂದು ನಮ್ಮ ಕಾಲೆಳೆಯುವುದು. ನನಗೆ ಗೊತ್ತು, ಭಾವನಿಗೆ ಗೊತ್ತಿಲ್ಲವಲ್ಲ! ಗಾಬರಿಯಲ್ಲಿ ಅವರ ಕೈ ತಾನಾಗಿಯೇ ಮೈಕಿನ ಗುಂಡಿಯನ್ನು ಒತ್ತಿತು. ದ್ವೀಪಕ್ಕೆ ದ್ವೀಪವೇ ಗುಡುಗಿತು.

"ಏಯ್! ಏಯ್, ಎಲ್ಲಿದ್ದೀಯೇ? ಅಯ್ಯೋ, ಯಾರಾದ್ರೂ ನೋಡ್ರಪ್ಪೋ! ಅವಳು ನನ್ನ ಹೆಂಡತಿ ಕಣ್ರೋ! ನಿಜವಾದ ಹೆಂಡತಿ! ನನಗೆ ಈಜು ಬರಲ್ಲ! ಅವಳಿಗೆ ಭಯ ಇಲ್ಲ, ಭಯ ಇರೋದು ನನಗೆ! ಬೇಗ ಹೋಗ್ರೋ!"

ದಡದಲ್ಲಿದ್ದವರು ಚಪ್ಪಾಳೆ ಹೊಡೆದು ನಕ್ಕರು. ಇದು ಮೈಕಪ್ಪನ ಹೊಸ ಐಟಮ್ಮು ಎಂದುಕೊಂಡರು. ಒಬ್ಬನೂ ಕದಲಲಿಲ್ಲ. ಭಾವ ಮೈಕನ್ನು ಬಿಸಾಡಿ, ಏಣಿಯ ಮೇಲೆ ಕಾಲಿಟ್ಟು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕೆಳಗೆ ಬಿದ್ದರು. ಇಳಿದರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಬಿದ್ದರು.

ಜಾಕೆಟ್ಟು ಅವರನ್ನು ಬಾಟಲಿಯ ಬಿರಡೆಯಂತೆ ಮೇಲೆತ್ತಿತು. ಕೈಕಾಲು ಬಡಿಯುತ್ತ ಅವರು ಅಕ್ಕನ ಹೆಸರು ಹಿಡಿದು ಕೂಗುತ್ತಿದ್ದರು. ಮನೆಯಲ್ಲಿ ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಅಷ್ಟರಲ್ಲಿ ಅಕ್ಕ ಅವರ ಪಕ್ಕದಲ್ಲೇ ಬುಳಕ್ಕನೆ ಎದ್ದಳು.

"ರೀ, ಕಾಲು ಊರ್ರಿ."

"ಸತ್ತೆ! ಸತ್ತೆ ಕಣೇ!"

"ಕಾಲು ಊರ್ರಿ ಅಂದೆ. ನೆಲ ಸಿಗುತ್ತೆ."

ಭಾವ ಕಾಲು ಊರಿದರು. ನೀರು ಅವರ ಎದೆಯವರೆಗೆ ಮಾತ್ರ ಇತ್ತು. ಎದ್ದು ನಿಂತು, ಕಣ್ಣು ತೆರೆದು, ಅಕ್ಕನ ಎರಡೂ ಕೈ ಹಿಡಿದುಕೊಂಡರು. ಹಿಡಿದವರು ಬಿಡಲೇ ಇಲ್ಲ. "ಬಿದ್ರಲ್ಲ ನನಗೋಸ್ಕರ, ಹೆದರುಪುಕ್ಕಲ" ಎಂದು ಅಕ್ಕ ಕೊನೆಗೂ ನಕ್ಕಳು. ನಾನು ದೋಣಿಯ ಮೇಲೆ ಗೊಳೋ ಎಂದು ಅಳುತ್ತಿದ್ದೆ, ಅದೂ ಸಂತೋಷಕ್ಕೆ.

ಅಡುಗೆಯಮ್ಮನನ್ನು ಸಮಾಧಾನ ಮಾಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮಾಡಿದ ತಪ್ಪಿಗೆ ಅಕ್ಕನ ಕೈಗೆ ಬಿಸಿ ಚಹಾ ಕೊಟ್ಟು ಕ್ಷಮೆ ಕೇಳಿದರು, ನಿಜ. ಆದರೆ ಆಮೇಲೆ ಮೂಲೆಯಲ್ಲಿ ಕುಳಿತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳತೊಡಗಿದರು. "ಹಾಗಾದ್ರೆ ಆ ದಪ್ಪಗಿನವಳು ಇಲ್ವೇ ಇಲ್ವಾ? ಇಷ್ಟು ವರ್ಷ ನಾನು ಯಾರಿಗೋಸ್ಕರ ಮರುಗಿದೆ? ಒಂದು ದಿನ ಅವಳನ್ನ ನೋಡ್ಬೇಕು ಅಂತ ಎಷ್ಟು ಆಸೆ ಇತ್ತು!" ಅಕ್ಕ ಅವರ ಬೆನ್ನು ಸವರುತ್ತ ಕುಳಿತಳು.

ವಾಪಸು ಬರುವಾಗ ಭಾವ, ಒದ್ದೆ ಕೋಳಿಯಂತೆ ಮುದುಡಿಕೊಂಡು, ಅಕ್ಕನ ಹತ್ತಿರ ಬಂದರು. "ಇನ್ಮೇಲೆ ನಿನ್ನ ಕಥೆ ಹೇಳಲ್ಲ, ಆಯ್ತಾ?" ಅಂದರು.

"ಹೇಳ್ರಿ. ಅವಳು ದಪ್ಪಗೆ ಇರ್ಲಿ, ಗೊರಕೆ ಹೊಡೀಲಿ, ನಿಮಗೆ ನಾಲ್ಕು ಬಿಡ್ಲಿ. ನನಗೂ ಅವಳು ಇಷ್ಟ ಆದ್ಲು" ಎಂದಳು ಅಕ್ಕ. "ಆದ್ರೆ ಆ ಭಯ ಮಾತ್ರ ವಾಪಸ್ ತಗೊಳ್ಳಿ. ಅದು ನಿಮ್ಮದು. ನಾನು ಸಾಕಷ್ಟು ವರ್ಷ ಇಟ್ಕೊಂಡಿದ್ದೆ."

ಈಗ ಪ್ರತಿ ಭಾನುವಾರ ದೋಣಿಯಲ್ಲಿ ಅಕ್ಕನಿಗೊಂದು ಸೀಟು. ಮೂರನೆಯ ದ್ವೀಪದ ಆಳವಿಲ್ಲದ ನೀರಿನಲ್ಲಿ, ಬೆನ್ನಿಗೆ ಖಾಲಿ ಡಬ್ಬ ಕಟ್ಟಿಸಿಕೊಂಡು, ನನ್ನ ಭಾವ ಕಾಲು ಬಡಿಯುತ್ತಾರೆ. ಪಟ್ಟಿ ನಾನೇ ಹೊಲಿದದ್ದು. ಡಬ್ಬ ಇನ್ನೂ ಬಿಚ್ಚುವ ಹಾಗಿಲ್ಲ. ಮನೆಯಲ್ಲಿಯೂ ಈಗ ಮಾತು ಶುರುವಾಗಿದೆ. ಕೆಲವೊಮ್ಮೆ ನಿಲ್ಲಿಸಿ ಎಂದು ನಾನೇ ಹೇಳಬೇಕಾಗುತ್ತದೆ. ಸಂಜೆ ದೋಣಿ ಬಂದರಿಗೆ ತಿರುಗಿದಾಗ ಭಾವ ಮೈಕು ಹಿಡಿದು, ದಪ್ಪ ಹೆಂಡತಿಯ ಕಥೆಯೆಲ್ಲ ಮುಗಿಸಿ, ಕಡೆಗೆ ಹೇಳುತ್ತಾರೆ: "ಒಂದು ನಿಜ ಹೇಳ್ಲಾ? ಈ ದೋಣೀಲಿ ನೀರಿಗೆ ಹೆದರೋನು ಒಬ್ಬನೇ ಇದ್ದಾನೆ. ಅವನ ಕೈಯಲ್ಲಿ ಮೈಕು ಇದೆ."

ಜನ ಎಲ್ಲಕ್ಕಿಂತ ಹೆಚ್ಚು ನಗುವುದು ಈ ಮಾತಿಗೇ. ಯಾರೂ ನಂಬುವುದಿಲ್ಲ. ಅಡುಗೆಯಮ್ಮ ಮಾತ್ರ ಹಿಂದಿನಿಂದ ಬಂದು, ಅವರ ಕೈಗೊಂದು ಶುಂಠಿ ಪೆಪ್ಪರಮೆಂಟು ಇಟ್ಟು ಹೋಗುತ್ತಾರೆ. ಭಾವ ಈಗ ಅದನ್ನು ಎಲ್ಲರ ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತಾರೆ.